ತೊಂಬತ್ತಾರು ಪೆಟ್ಟಿಗೆಗಳ ‘ಹೂಂ?’

“ಇದಕ್ಕೆ ಹನ್ನೊಂದು ನಿಮಿಷ. ಇದಕ್ಕೆ ನಾಲ್ಕು ಸೆಕೆಂಡು,” ಎಂದು ಅತ್ತೆ ಪರದೆಯ ಮೇಲಿನ ಎರಡು ಸಾಲುಗಳನ್ನು ಬೆರಳಿಟ್ಟು ಓದಿದರು. “ಒಂದೇ ಕೆಲಸ, ಒಬ್ಬನೇ ಮನುಷ್ಯ, ಒಂದೇ ದಿನ. ಎರಡನೇದನ್ನ ಏನು ರೆಕ್ಕೆ ಕಟ್ಟಿಕೊಂಡು ಮಾಡಿದ್ನಾ?”

ಒಡತಿ ಕುರ್ಚಿ ಸಮೇತ ಜಾರಿಕೊಂಡು ಪಕ್ಕಕ್ಕೆ ಬಂದಳು. ಕಚೇರಿ ಅವಳದ್ದು, ಕಂಪ್ಯೂಟರು ಅವಳದ್ದು. ಆದರೆ ಹೊಸ ಆವೃತ್ತಿ ಕಟ್ಟಿದ ಲೆಕ್ಕವಿದ್ದ ಆರು ಸಾವಿರ ಸಾಲಿನ ಆ ದಾಖಲೆಯಲ್ಲಿ ಈ ಎರಡು ಸಾಲು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತಿಯಾದ ಸೋದರತ್ತೆಯ ಕಣ್ಣಿಗೆ, ಎರಡನೇ ಕಪ್ ಚಹಾ ಮುಗಿಯುವ ಮೊದಲೇ ಬಿದ್ದಿತ್ತು.

ಕಳೆದ ವಾರದ ಮಂಗಳವಾರ ಬಂದ ಹೊಸ ಆವೃತ್ತಿಯಿಂದೀಚೆಗೆ, ದನಿ ಕಳೆದುಕೊಂಡವರು ಕೀಲಿ ಒತ್ತಿದ್ದನ್ನು ಅವರ ಪರವಾಗಿ ಮಾತಾಡುವ ಈ ಕಚೇರಿಯ ಮಾತುಪೆಟ್ಟಿಗೆಗಳು ಪ್ರತಿ ಪ್ರಶ್ನೆಯ ಕೊನೆಗೂ ಬೇರೆ ಯಾರದೋ ದನಿಯಲ್ಲಿ ‘ಹೂಂ?’ ಎಂದು ಸೇರಿಸುತ್ತಿದ್ದವು.

ಎಲ್ಲ ಪೆಟ್ಟಿಗೆಗಳೂ ಅಲ್ಲ. ಮುನ್ನೂರ ಹನ್ನೆರಡರಲ್ಲಿ ಹಳೇ ಕಂಪ್ಯೂಟರ್ ಚಿಪ್ಪಿನ ತೊಂಬತ್ತಾರು ಮಾತ್ರ.

ಯಾರ ದನಿ ಎಂಬುದರಲ್ಲಿ ಒಮ್ಮತವಿರಲಿಲ್ಲ. ಪೆಟ್ಟಿಗೆಯ ಸ್ಪೀಕರು ಬಿಸ್ಕತ್ತಿಗಿಂತ ದೊಡ್ಡದಲ್ಲ. ಅದರಲ್ಲಿ ಕೇಳಿದ ಒಬ್ಬರು ಮುದುಕನದು ಎಂದರು, ಇನ್ನೊಬ್ಬರು ಮಗುವಿನದು ಎಂದರು. ನಿವೃತ್ತ ಗ್ರಂಥಪಾಲಕರೊಬ್ಬರು ಅದು ಬೆಕ್ಕೇ ಎಂದು ಮೂರು ಪುಟದ ಪತ್ರ ಬರೆದಿದ್ದರು. ಒಬ್ಬ ತಾತ ಸೊಸೆಯನ್ನು “ಊಟ ಆಯ್ತಾ?” ಎಂದು ಅಕ್ಕರೆಯಿಂದಲೇ ಕೇಳಿದ್ದರು. ಹಿಂದೆಯೇ ಬಂದ “ಹೂಂ?” ಕೇಳಿ ಆಕೆ ಪಾತ್ರೆ ಕುಕ್ಕಿ ಎದ್ದುಹೋಗಿದ್ದಳು. ಆ ಮನೆಯಲ್ಲಿ ಎರಡು ದಿನ ಪೆಟ್ಟಿಗೆಯೊಂದನ್ನು ಬಿಟ್ಟು ಯಾರೂ ಮಾತಾಡಲಿಲ್ಲ.

ನಗುವ ವಿಷಯವೇ ಸರಿ. ಆದರೆ ಇನ್ನೊಬ್ಬರ ಬಾಯಿಗೆ ‘ಹೂಂ’ ತೂರಿಸಬಲ್ಲ ಕೈ, ನಾಳೆ ‘ಒಪ್ಪಿಗೆ’ ಎಂದೂ ತೂರಿಸಬಹುದು, ‘ಸಹಿ ಹಾಕುತ್ತೇನೆ’ ಎಂದೂ ತೂರಿಸಬಹುದು. ಅದನ್ನೇ ಮುಂದಿಟ್ಟುಕೊಂಡು ಆಸ್ಪತ್ರೆಯ ಸಮಿತಿಯವರು ಇವತ್ತು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಕಾರಣ ತೋರಿಸದಿದ್ದರೆ ಅಷ್ಟೂ ಪೆಟ್ಟಿಗೆಗಳನ್ನು ವಾಪಸು ಪಡೆಯುವುದು ಎಂದು ಅವರ ತೀರ್ಮಾನ. ಮುನ್ನೂರ ಹನ್ನೆರಡು ಜನ ಮತ್ತೆ ಚೀಟಿ ಬರೆದು ತೋರಿಸುವ ಕಾಲಕ್ಕೆ ಹೋಗಬೇಕು.

ಈಗ ಬೆಳಿಗ್ಗೆ ಹತ್ತೂವರೆ.

“ಇನ್ನೊಂದು ಸಲ ಹೇಳು,” ಎಂದರು ಅತ್ತೆ. “ನನ್ನ ತಲೆಗೆ ಹೋಗೋ ಹಾಗೆ.”

“ನಾವು ಬರೆಯೋದು ಮನುಷ್ಯರು ಓದೋ ಸಾಲು,” ಎಂದಳು ಒಡತಿ. “ಚಿಪ್ಪಿಗೆ ಅದು ತಿಳಿಯಲ್ಲ. ಕಂಪೈಲರ್ ಅನ್ನೋದು ಅದನ್ನ ಅರೆದು, ಚಿಪ್ಪಿಗೆ ಜೀರ್ಣ ಆಗೋ ಅಂಕಿ ಮಾಡಿಕೊಡುತ್ತೆ. ಆ ಅರೆದದ್ದೇ ಲೈಬ್ರರಿ. ಅದನ್ನ ಉಳಿದ ಸಾಮಾನಿನ ಜೊತೆ ಗಂಟು ಕಟ್ಟಿದ್ರೆ ಪ್ಯಾಕೇಜು. ಹೊಸ ಚಿಪ್ಪಿಗೆ ಬೇರೆ ಅರೆಯಬೇಕು, ಹಳೇ ಚಿಪ್ಪಿಗೆ ಬೇರೆ ಅರೆಯಬೇಕು.”

“ಹಸ್ತಪ್ರತಿ ಒಂದೇ. ಎರಡು ಅಚ್ಚಿನ ಯಂತ್ರ.”

“ಹೌದತ್ತೆ. ಹೋದ ವಾರ ಮೊದಲ ಸಲ, ಪ್ರಶ್ನೆ ಬಂದಾಗ ದನಿ ಏರಿಸೋ ಭಾಗ ಸೇರಿಸಿದ್ವಿ. ಇನ್ನೂರ ಹನ್ನೆರಡು ಸಾಲು.”

“ನಿನ್ನೆ ಎಲ್ಲಾ ಓದಿದೆ. ಎರಡು ಕಾಗುಣಿತದ ತಪ್ಪು ಬಿಟ್ರೆ ಏನೂ ಇಲ್ಲ. ‘ಹೂಂ’ ಅಂತೂ ಇಲ್ಲ.” ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಹೊಸ ಚಿಪ್ಪಿಂದು ನೀನೇ ಅರೆದು ನೋಡಿದೆ. ಪೆಟ್ಟಿಗೆಗೆ ಹೋಗಿರೋದಕ್ಕೂ ನೀನು ಅರೆದಿದ್ದಕ್ಕೂ ಒಂದು ಚುಕ್ಕೆ ವ್ಯತ್ಯಾಸ ಇಲ್ಲ. ಹಳೇ ಚಿಪ್ಪಿಂದು ಯಾಕೆ ನೋಡಲಿಲ್ಲ?”

“ಅದರ ಕಂಪೈಲರ್ ನನ್ನ ಹತ್ರ ಇಲ್ಲ. ಆ ಚಿಪ್ಪು ಮಾಡಿದವರು ಬಾಗಿಲು ಹಾಕಿ ಎಷ್ಟೋ ಕಾಲ ಆಯ್ತು. ನಮ್ಮಲ್ಲಿ ಕಂಪೈಲರ್ ಇರೋದು ಸಾಮಾನು ಕೋಣೆಯ ಹಳೇ ಯಂತ್ರದಲ್ಲಿ ಮಾತ್ರ. ಅದನ್ನ ಮುಟ್ಟೋದು ಪೊಟ್ಟಣ ಒಬ್ಬನೇ. ಮೂರು ವಾರದಿಂದ ಅವನನ್ನ ಕೇಳಿದಾಗೆಲ್ಲ ‘ಯಂತ್ರ ಬಿಸಿಯಾಗಿದೆ ಮೇಡಂ, ಆಮೇಲೆ’ ಅಂತಾನೆ.”

“ಮೂರು ವಾರದಿಂದ ಬಿಸಿನಾ?”

ಒಡತಿ ಸಾಮಾನು ಕೋಣೆಯ ಕಡೆ ತಿರುಗಿ ನೋಡಿದಳು.

ಪ್ಯಾಕೇಜು ಕಟ್ಟುವವನಾದ್ದರಿಂದ ಅವನಿಗೆ ಪೊಟ್ಟಣ ಎಂದು ಹೆಸರು ಬಿದ್ದಿತ್ತು. ಅಗಲ ಮೈ, ಸಣ್ಣ ದನಿ, ನಡೆದರೆ ಮೇಜುಗಳಿಗೆ ಕ್ಷಮೆ ಕೇಳುತ್ತಾ ನಡೆಯುವ ಮನುಷ್ಯ. ಸಾಮಾನು ಕೋಣೆಯ ಬೀಗದ ಕೈ ಅವನ ಕೊರಳಿನ ದಾರದಲ್ಲೇ ಇರುತ್ತಿತ್ತು. ನಿನ್ನೆಯವರೆಗೂ ಅತ್ತೆಯ ಅನುಮಾನ ಅವನ ಮೇಲಿರಲಿಲ್ಲ, ದನಿಯ ಮೇಷ್ಟ್ರ ಮೇಲಿತ್ತು. ಪೆಟ್ಟಿಗೆಯ ಮೂಲ ದನಿಯನ್ನು ರೆಕಾರ್ಡ್ ಮಾಡಿದವರು ಅವರೇ. ತಮ್ಮನ್ನು ಒಂದು ಮಾತೂ ಕೇಳದೆ ಪ್ರಶ್ನೆಗೆ ರಾಗ ಕಟ್ಟಿದರಲ್ಲ ಎಂದು ಹತ್ತು ದಿನದಿಂದ ಮುಖ ಊದಿಸಿಕೊಂಡು ಓಡಾಡುತ್ತಿದ್ದರು.

“ಸಿಟ್ಟಾದವರು ಕಣ್ಣಿಗೆ ಕಾಣ್ತಾರೆ,” ಎಂದು ಅತ್ತೆ ಎದ್ದರು. “ಹೆದರಿದವರನ್ನ ಹುಡುಕಬೇಕು. ಅವನು ಎಲ್ಲಿ?”

ಪೊಟ್ಟಣ ಸಾಮಾನು ಕೋಣೆಯಲ್ಲೇ ಇದ್ದ. ಕೇಬಲ್ಲುಗಳನ್ನು ಬಣ್ಣದ ಪ್ರಕಾರ ಸುತ್ತಿ ಸುತ್ತಿ ಇಡುತ್ತಿದ್ದ. ಅತ್ತೆ ಒಳಗೆ ಬಂದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಒಂದು ರಟ್ಟಿನ ಡಬ್ಬದ ಮೇಲೆ ಕೂತರು.

“ಏನಪ್ಪಾ, ಬಹಳ ಕೆಲಸನಾ?”

“ಹಾಗೇನಿಲ್ಲ ಅತ್ತೆ.” ಕಚೇರಿಯಲ್ಲಿ ಎಲ್ಲರಿಗೂ ಅವರು ಅತ್ತೆಯೇ.

“ಹಳೇ ಯಂತ್ರ ಎಲ್ಲಿ?”

ಅವನು ಮೂಲೆಯ ಕಡೆ ನೋಡಲಿಲ್ಲ. ನೋಡದಿರಲು ಅವನು ಪಟ್ಟ ಪ್ರಯಾಸದಿಂದಲೇ ಯಂತ್ರ ಯಾವ ಮೂಲೆಯಲ್ಲಿದೆ ಎಂಬುದು ಗೊತ್ತಾಯಿತು. ಅತ್ತೆ ಎದ್ದು ಹೋಗಿ ಹೊದಿಕೆ ಸರಿಸಿದರು. ಬಗ್ಗಿ ಮೂಸಿದರು.

“ಸಕ್ಕರೆ ಜಾಸ್ತಿ ಹಾಕ್ಕೋತೀಯ ನೀನು.”

ಪೊಟ್ಟಣನ ಕೈಯಿಂದ ಕೇಬಲ್ ಸುರುಳಿ ಜಾರಿತು.

“ಇರುವೆ ಸಾಲು ನೋಡು, ಎಷ್ಟು ಶಿಸ್ತಾಗಿ ಹೋಗ್ತಿವೆ,” ಎಂದರು ಅತ್ತೆ. “ಯಾವತ್ತು ಚೆಲ್ಲಿದ್ದು?”

“ಯಾವುದು ಅತ್ತೆ?”

“ಪುಣ್ಯಾತ್ಮ, ನಾನು ಮೂವತ್ತೊಂದು ವರ್ಷ ಲೇಖಕರ ಜೊತೆ ಬಾಳಿದವಳು. ‘ಯಾವುದು’ ಅಂತ ಕೇಳೋರನ್ನೆಲ್ಲ ನೋಡಿದ್ದೀನಿ. ಯಾವತ್ತು?”

ಅವನು ಅಲ್ಲೇ ಕೇಬಲ್ಲುಗಳ ನಡುವೆ ಕುಸಿದು ಕೂತ. “ಮೂರು ವಾರ ಆಯ್ತು. ಒಂದು ಲೋಟ ಚಹಾ. ಪೂರ್ತಿ ಲೋಟ. ಟಪ್ ಅಂತ ಒಂದು ಸದ್ದು, ಅಷ್ಟೇ. ಮೇಡಂಗೆ ಹೇಳೋಣ ಅಂತ ಮೂರು ಸಲ ಹೋದೆ. ಮೂರು ಸಲವೂ ಅವರೇ ‘ನೀನಿಲ್ದಿದ್ರೆ ಈ ಹಳೇ ಪೆಟ್ಟಿಗೆಗಳ ಗತಿ ಏನೋ’ ಅಂದ್ಬಿಟ್ರು. ಹಾಗಂದ ಮೇಲೆ ಹ್ಯಾಗೆ ಹೇಳೋದು? ಕೆಲಸ ಕಾಯಂ ಆಗಿ ಇನ್ನೂ ಎರಡು ತಿಂಗಳೂ ಆಗಿಲ್ಲ.”

“ಯಂತ್ರ ಸತ್ತಿದೆ. ಮತ್ತೆ ಹೋದ ವಾರ ಲೈಬ್ರರಿ ಎಲ್ಲಿಂದ ಬಂತು?”

ಪೊಟ್ಟಣ ಜಾರಿದ ಸುರುಳಿಯನ್ನು ಎತ್ತಿಕೊಂಡು ಮತ್ತೆ ಸುತ್ತತೊಡಗಿದ.

“ದಾಖಲೆಯಲ್ಲಿ ಹಳೇ ಚಿಪ್ಪಿನ ಲೈಬ್ರರಿಗೆ ನಾಲ್ಕೇ ಸೆಕೆಂಡು ಅಂತಿದೆ. ನಾಲ್ಕು ಸೆಕೆಂಡಲ್ಲಿ ಅರೆಯೋಕಾಗಲ್ಲ. ಅರೆದಿಟ್ಟಿದ್ದನ್ನ ತಂದು ಸುರಿಯೋಕೆ ನಾಲ್ಕು ಸೆಕೆಂಡು ಸಾಕು. ಯಾರು ಅರೆದುಕೊಟ್ಟಿದ್ದು?”

“ಗುಬ್ಬಚ್ಚಿ.”

“ಯಾರು?”

“ನಿಜವಾದ ಹೆಸರು ಗೊತ್ತಿಲ್ಲ. ನಮ್ಮಂಥ ಗಂಟು ಕಟ್ಟೋರೆಲ್ಲ ಸೇರೋ ಒಂದು ಹರಟೆಕಟ್ಟೆ ಇದೆ, ಕಂಪ್ಯೂಟರಲ್ಲೇ. ‘ಹಳೇ ಚಿಪ್ಪಿನ ಕಂಪೈಲರ್ ಯಾರ ಹತ್ರ ಇದೆ’ ಅಂತ ಕೇಳಿದೆ. ಗುಬ್ಬಚ್ಚಿ ಅನ್ನೋರು ‘ನೀವು ಬರೆದ ಮೂಲ ಸಾಲು ಕಳಿಸಿ, ಮಾಡಿಕೊಡ್ತೀನಿ’ ಅಂದ್ರು. ಮೂಲ ಹೇಗೂ ಎಲ್ಲರೂ ನೋಡೋ ಹಾಗೇ ಇದೆಯಲ್ಲ ಅಂತ ಕಳಿಸಿದೆ. ಸಂಜೆಯೊಳಗೆ ಬಂತು. ಒಳ್ಳೆಯವರು ಅತ್ತೆ. ಕೊನೇಲಿ ನಗೋ ಮುಖ ಕೂಡ ಹಾಕಿದ್ರು.”

“ನಗೋ ಮುಖ!” ಅತ್ತೆಯ ದನಿ ಮೊದಲ ಸಲ ಏರಿತು. “ಮುಖ ನೋಡಿಲ್ಲ, ಹೆಸರು ಕೇಳಿಲ್ಲ. ಅವರು ಕೊಟ್ಟಿದ್ದನ್ನ ತಗೊಂಡುಬಂದು ತೊಂಬತ್ತಾರು ಜನರ ಬಾಯಿಗೆ ಹಾಕಿದ್ಯಲ್ಲೋ!”

ಪೊಟ್ಟಣನ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಮೈ ಒಂದು ಮಗುವಿನ ಹಾಗೆ ಅಲುಗಿತು. ಅತ್ತೆಗೆ ಅಯ್ಯೋ ಅನ್ನಿಸಿತು, ಆದರೆ ಅವರು ಎದ್ದು ಹೋಗಿ ಬೆನ್ನು ತಟ್ಟಲಿಲ್ಲ. ಅಳು ಮುಗಿಯುವ ತನಕ ಕಾದರು. ನಂತರ ಸೊಂಟದಿಂದ ಕರವಸ್ತ್ರ ತೆಗೆದುಕೊಟ್ಟರು.

“ಈಗ ಹೋಗಿ ಒಡತಿಗೆ ನೀನೇ ಹೇಳು. ನಾನು ಹೇಳಿದ್ರೆ ದೂರು ಆಗುತ್ತೆ. ನೀನು ಹೇಳಿದ್ರೆ ಲೆಕ್ಕ ಬೇರೆ.”

ಅವನು ಹೇಳಿದ. ಒಡತಿ ಮೊದಲು ಕೆಂಪಾದಳು, ಆಮೇಲೆ ಬಿಳುಚಿದಳು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಎರಡು ನಿಮಿಷ ಕೂತಳು. ತಲೆಯೆತ್ತಿದಾಗ ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಪೊಟ್ಟಣ ಒಂದು ಹೆಜ್ಜೆ ಹಿಂದೆ ಸರಿದ.

“ನಿನಗಲ್ಲ ಮಾರಾಯ,” ಎಂದಳು. “ಚಹಾ ಕುಡಿದಿರೋದು ಬೋರ್ಡು. ಡಿಸ್ಕು ಬದುಕಿರಬಹುದು. ಬಾ, ಬಿಚ್ಚೋಣ. ನಿನ್ನನ್ನ ಬೈಯೋದು ನಾಳೆಗಿರಲಿ.”

ಡಿಸ್ಕು ಬದುಕಿತ್ತು. ಒಂದು ಇರುವೆಯನ್ನು ಊದಿ ಓಡಿಸಿ, ಒಡತಿ ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಹಳೇ ಕಂಪೈಲರ್ ಕಣ್ಣು ಬಿಟ್ಟಿತು. ಅತ್ತೆ ಓದಿ ಮುಗಿಸಿದ್ದ ಅದೇ ಮೂಲವನ್ನು, ಅತ್ತೆಯ ಕಣ್ಣೆದುರೇ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದಕ್ಕೆ ಉಣಿಸಿದರು. ನಲವತ್ತು ನಿಮಿಷ ಬೇಕು ಎಂದು ಪರದೆ ಹೇಳಿತು.

ಆ ನಲವತ್ತು ನಿಮಿಷ ಹತ್ತು ದಿನಗಳಲ್ಲೇ ಕಚೇರಿ ಕಂಡ ಅತಿ ಸುಖದ ಹೊತ್ತು. ಕಳ್ಳ ಸಿಕ್ಕಿದ್ದ, ಎಲ್ಲೋ ದೂರದ ಗುಬ್ಬಚ್ಚಿ. ಮೇಷ್ಟ್ರು ಕೂಡ ತಮ್ಮ ದಪ್ಪ ಗೋಡೆಯ ಕೋಣೆಯಿಂದ ಹೊರಬಂದು, ಊದಿದ ಮುಖವನ್ನು ಸ್ವಲ್ಪ ಇಳಿಸಿ, ಬಿಸ್ಕತ್ತಿಗೆ ಕೈಹಾಕಿದರು. ಪರೀಕ್ಷೆಗೆ ಒಂದು ಹಳೇ ಪೆಟ್ಟಿಗೆ ಬೇಕಲ್ಲ ಎಂದು ಎದುರು ಬೀದಿಯ ದರ್ಜಿ ಅಕ್ಕನನ್ನು ಕರೆಸಿದರು.

ಐವತ್ತರ ಆಸುಪಾಸಿನ, ಚುರುಕು ಕಣ್ಣಿನ ಹೆಂಗಸು. ಹನ್ನೊಂದು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಕೊರಳಿಗೆ ಅಳತೆಯ ಟೇಪು, ಕಂಕುಳಲ್ಲಿ ಪೆಟ್ಟಿಗೆ. ಬಂದವಳೇ ಪಟಪಟನೆ ಕೀಲಿ ಒತ್ತಿದಳು.

“ನನ್ನ ಪೆಟ್ಟಿಗೆ ರಿಪೇರಿ ಆಗುತ್ತಂತೆ, ಬೇಗ ಮಾಡಿ,” ಎಂದಿತು ಪೆಟ್ಟಿಗೆ, ಮೇಷ್ಟ್ರು ರೆಕಾರ್ಡ್ ಮಾಡಿದ ಗಂಭೀರ ದನಿಯಲ್ಲಿ. “ನಿನ್ನೆ ಗಿರಾಕಿಯೊಬ್ಬರನ್ನ ಸೊಂಟ ಎಷ್ಟು ಅಂತ ಕೇಳಿದೆ. ಪೆಟ್ಟಿಗೆ ಹೂಂ ಅಂತು. ಆಯಮ್ಮ ನಾನು ಅನುಮಾನ ಪಟ್ಟೆ ಅಂದ್ಕೊಂಡು ಬಟ್ಟೆ ವಾಪಸ್ ತಗೊಂಡು ಹೋದ್ಲು.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದರ್ಜಿ ಅಕ್ಕನೂ ನಕ್ಕಳು, ಸದ್ದಿಲ್ಲದೆ, ಭುಜ ಕುಣಿಸುತ್ತಾ.

ಕಂಪೈಲರ್ ಕೆಲಸ ಮುಗಿಸಿತು.

“ಈಗ ನೋಡಿ,” ಎಂದು ಒಡತಿ ಉತ್ಸಾಹದಿಂದ ಬೆರಳು ಚಿಟಿಕೆ ಹೊಡೆದಳು. “ಎಡಗಡೆ ಗುಬ್ಬಚ್ಚಿ ಕೊಟ್ಟ ಫೈಲು, ಬಲಗಡೆ ನಾವೀಗ ಮಾಡಿದ್ದು. ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಲ್ಲೆಲ್ಲ ಕೆಂಪು ಬರುತ್ತೆ. ಆ ಕೆಂಪೇ ನಮ್ಮ ‘ಹೂಂ’. ಸಮಿತಿಯವರಿಗೆ ಬೆರಳಿಟ್ಟು ತೋರಿಸಬಹುದು.”

ಅವಳು ಗುಂಡಿ ಒತ್ತಿದಳು.

ಪರದೆಯ ಮೇಲೆ ಕೆಂಪು ಬರಲಿಲ್ಲ.

ಒಡತಿ ಮತ್ತೊಮ್ಮೆ ಒತ್ತಿದಳು. ಪೊಟ್ಟಣ ಬಗ್ಗಿ ನೋಡಿದ. ಮೇಷ್ಟ್ರು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು.

“ಏನಾಯ್ತು?” ಎಂದರು ಅತ್ತೆ.

“ಎರಡೂ ಒಂದೇ,” ಎಂದಳು ಒಡತಿ. “ಮೊದಲ ಅಂಕಿಯಿಂದ ಕೊನೇ ಅಂಕಿ ತನಕ. ಒಂದು ಚುಕ್ಕೆನೂ ಆಚೀಚೆ ಇಲ್ಲ.”

“ಅಂದ್ರೆ ಗುಬ್ಬಚ್ಚಿ...”

“ಏನೂ ಮಾಡಿಲ್ಲ. ನಾವು ಕಳಿಸಿದ್ದನ್ನ ಇದ್ದ ಹಾಗೇ ಅರೆದು ಕಳಿಸಿದ್ದಾರೆ.”

“ನಾನು ಹೇಳಲಿಲ್ವಾ, ಒಳ್ಳೆಯವರು ಅಂತ,” ಎಂದ ಪೊಟ್ಟಣ. ಯಾರೂ ತನ್ನ ಕಡೆ ನೋಡದಿದ್ದರಿಂದ ಸುಮ್ಮನಾದ.

ಅತ್ತೆ ನಿಧಾನವಾಗಿ ಕೂತರು. ಖಾಲಿ ಕಪ್ಪನ್ನು ಎತ್ತಿ, ಖಾಲಿ ಎಂದು ನೋಡಿ, ಕೆಳಗಿಟ್ಟರು.

“ಹಸ್ತಪ್ರತಿ ನಾನೇ ಓದಿದ್ದೀನಿ, ಅದರಲ್ಲಿ ಇಲ್ಲ,” ಎಂದರು, ತಮಗೇ ಹೇಳಿಕೊಳ್ಳುವಂತೆ. “ಅಚ್ಚು ಹಾಕಿದವರು ಇಬ್ಬರು. ಒಬ್ಬರು ಎಲ್ಲೋ ದೂರದಲ್ಲಿ, ಒಬ್ಬರು ನನ್ನ ಕಣ್ಣೆದುರಿಗೆ. ಇಬ್ಬರ ಪುಸ್ತಕದಲ್ಲೂ ಅದೇ ಜಾಗದಲ್ಲಿ ಅದೇ ‘ಹೂಂ’ ಜಾಸ್ತಿ. ಇಬ್ಬರ ಹತ್ರನೂ ಇರೋ ಒಂದೇ ವಸ್ತು ಯಾವುದು?”

ಒಡತಿ ಬಿಟ್ಟ ಕಣ್ಣಿನಿಂದ ಆ ಸಣ್ಣ ಡಿಸ್ಕನ್ನು ನೋಡಿದಳು.

“ಕಂಪೈಲರ್,” ಎಂದಳು. “ಅತ್ತೆ, ಯಂತ್ರವೇ ಬರೀತಿದೆ. ಪ್ರಶ್ನೆ ಅನ್ನೋ ಭಾಗ ಕಂಡ ತಕ್ಷಣ ತಾನೇ ಸೇರಿಸ್ತಿದೆ. ಈ ಚಿಪ್ಪಿಗೆ ಇರೋದು ಇದೊಂದೇ ಕಂಪೈಲರ್. ಕೈಯಿಂದ ಕೈಗೆ ದಾಟಿ ಎಲ್ಲರ ಹತ್ರನೂ ಬಂದಿರೋದು.”

“ಯಾರು ಮಾಡಿದ್ದು?”

“ಹೆಸರಿಲ್ಲ. ಮಾಡಿದ ದಿನ ಮಾತ್ರ ಇದೆ.” ಅವಳು ಒಂದು ಆಜ್ಞೆ ಒತ್ತಿದಳು. “ಹದಿಮೂರು ವರ್ಷದ ಹಿಂದೆ.”

ಗಡಿಯಾರದಲ್ಲಿ ಎರಡೂಕಾಲು; ಸಮಿತಿಗೆ ತೋರಿಸಲು ಕಾರಣವಂತೂ ಸಿಕ್ಕಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹತ್ತು ದಿನದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಇದು.

“ಯಾರು ಮಾಡಿದ್ದೋ ಗೊತ್ತಾಗಲ್ಲ, ಸರಿ. ಯಾರ ದನಿ ಅಂತನಾದ್ರೂ ಕೇಳಬಾರದಾ? ಇಷ್ಟು ದಿನ ಆ ಬಿಸ್ಕತ್ತು ಸ್ಪೀಕರಲ್ಲೇ ಕೇಳಿ ಬೆಕ್ಕು, ಮುದುಕ ಅಂತ ಕಿತ್ತಾಡ್ತಿದ್ದೀರಿ. ನನ್ನನ್ನ ಯಾರು ಕೇಳಿದ್ರಿ? ಪೆಟ್ಟಿಗೆ ತನ್ನಿ ಇಲ್ಲಿ.”

ಮೇಷ್ಟ್ರ ಕೋಣೆಯಲ್ಲಿ ಆಳೆತ್ತರದ ಎರಡು ಸ್ಪೀಕರುಗಳಿದ್ದವು. ಐದು ಜನ ಇಕ್ಕಟ್ಟಾಗಿ ಒಳಸೇರಿದರು. ಬಾಗಿಲು ಮುಚ್ಚಿದ ಕೂಡಲೇ ಬೀದಿಯ ಸದ್ದು ನಿಂತುಹೋಯಿತು. ಮೇಷ್ಟ್ರು ಪೆಟ್ಟಿಗೆಗೆ ತಂತಿ ಸಿಕ್ಕಿಸಿ, ಗುಂಡಿಗಳನ್ನು ತಿರುಗಿಸಿ, ದರ್ಜಿ ಅಕ್ಕನಿಗೆ ಸನ್ನೆ ಮಾಡಿದರು.

ಅವಳು ಒತ್ತಿದಳು. “ತೋಳು ಎಷ್ಟು ಉದ್ದ ಇರಲಿ?” ಎಂದಿತು ಪೆಟ್ಟಿಗೆ.

ಅರೆಕ್ಷಣ ಬಿಟ್ಟು, ಕೋಣೆ ತುಂಬ, ಹತ್ತಿರದಲ್ಲೇ ಯಾರೋ ನಿಂತಿರುವಷ್ಟು ಸ್ಪಷ್ಟವಾಗಿ:

“ಹೂಂ?”

ಮುದುಕನದಲ್ಲ, ಮಗುವಿನದಲ್ಲ, ಬೆಕ್ಕಂತೂ ಅಲ್ಲ. ಒಬ್ಬ ಹೆಂಗಸಿನದು. ತುಟಿ ಬಿಚ್ಚದೆ, ಮೂಗಿನಿಂದ, ನಗು ಬೆರೆಸಿ ಕೇಳಿದ್ದು. ಆದರದಿಂದ ಕೇಳಿದ್ದು.

“ಇದರಲ್ಲಿ ಗದರಿಕೆ ಎಲ್ಲಿದೆ?” ಎಂದಳು ಒಡತಿ ಮೆಲ್ಲಗೆ. “ಎಷ್ಟು ಚೆನ್ನಾಗಿದೆ.”

“ಬಾಯಲ್ಲಿ ಏನೋ ಇದೆ,” ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ. “ತುಟಿ ತೆರೆಯೋ ಹಾಗಿಲ್ಲ, ಅದಕ್ಕೇ ಹಾಗೆ...”

ಪೆಟ್ಟಿಗೆ ನೆಲಕ್ಕೆ ಬೀಳುವುದರಲ್ಲಿತ್ತು, ಪೊಟ್ಟಣ ಹಿಡಿದ. ದರ್ಜಿ ಅಕ್ಕನ ಎರಡೂ ಕೈ ಅವಳ ಕೊರಳಿಗೆ ಹೋಗಿದ್ದವು. ಮುಖದಲ್ಲಿ ರಕ್ತವಿರಲಿಲ್ಲ. ಅತ್ತೆ ಅವಳ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

“ಏನಮ್ಮ? ಏನಾಯ್ತು?”

ಅವಳು ಪೆಟ್ಟಿಗೆಗೆ ಕೈ ಚಾಚಿದಳು. ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದಳು.

“ಗುಂಡುಸೂಜಿ,” ಎಂದಿತು ಗಂಭೀರ ದನಿ, ಆಳೆತ್ತರದ ಸ್ಪೀಕರುಗಳಿಂದ. “ಬಾಯಲ್ಲಿ ಗುಂಡುಸೂಜಿ ಇದೆ. ಅಳತೆ ತಗೊಳ್ಳುವಾಗ ತುಟಿಯಲ್ಲಿ ಕಚ್ಚಿಕೊಂಡಿರ್ತಿದ್ದೆ. ಮಾತಾಡೋಕೆ ಆಗ್ತಿರಲಿಲ್ಲ. ಸರಿ ಇದೆಯಾ ಅಂತ ಕೇಳೋಕೆ ಹೀಗೇ ಅಂತಿದ್ದೆ. ಇದು ನನ್ನ ದನಿ.”

ಪೊಟ್ಟಣ ಪೆಟ್ಟಿಗೆಯನ್ನು ಮೆಲ್ಲಗೆ ಅವಳ ಮಡಿಲಲ್ಲಿಟ್ಟ.

“ಯಾವತ್ತಾದ್ರೂ ರೆಕಾರ್ಡ್ ಮಾಡಿಸಿದ್ರಾ ಅಕ್ಕ?” ಒಡತಿ ಕೇಳಿದಳು. “ಆಪರೇಷನ್ನಿಗೆ ಮುಂಚೆ?”

ದರ್ಜಿ ಅಕ್ಕ ತಲೆಯಾಡಿಸಿದಳು. ಇಲ್ಲ. ಒಂದು ತುಣುಕೂ ಇಲ್ಲ. ಆ ಕೊರಗಿಗೇ ತನ್ನ ತಾಯಿ ಎಷ್ಟೋ ದಿನ ಅತ್ತಿದ್ದಳು ಎಂದು ಕೀಲಿ ಒತ್ತಿ ಹೇಳಿದಳು.

ಅತ್ತೆಯ ಬೆರಳು ತಾನಾಗಿ ಲೆಕ್ಕ ಹಾಕುತ್ತಿತ್ತು. ದನಿ ಹೋಗಿದ್ದು ಹನ್ನೊಂದು ವರ್ಷದ ಹಿಂದೆ. ಕಂಪೈಲರ್ ಹುಟ್ಟಿದ್ದು ಹದಿಮೂರು ವರ್ಷದ ಹಿಂದೆ. ಅಂದರೆ ದನಿ ಹೋಗುವ ಎರಡು ವರ್ಷಕ್ಕೂ ಮುಂಚೆ ಯಾರೋ ಒಬ್ಬರು ಇವಳ ಅಂಗಡಿಯ ಕನ್ನಡಿಯೆದುರು ತೋಳು ಚಾಚಿ ನಿಂತಿದ್ದಾರೆ. ಅವಳು ಅಳತೆ ಹಿಡಿದು ‘ಹೂಂ?’ ಎಂದಿದ್ದಾಳೆ. ಅವರು ಅದನ್ನು ಕದ್ದುಕೊಂಡು ಹೋಗಿ, ಯಾರೂ ಓದದ ಅಂಕಿಗಳ ನಡುವೆ ಬಚ್ಚಿಟ್ಟಿದ್ದಾರೆ. ಯಾರೋ ಒಂದು ದಿನ ಪ್ರಶ್ನೆ ಕೇಳಲಿ ಎಂದು ಕಾದಿದ್ದಾರೆ.

“ಯಾರಿಗೆ ಬಟ್ಟೆ ಹೊಲಿದುಕೊಟ್ಟೆ ತಾಯಿ ನೀನು?” ಎಂದರು ಅತ್ತೆ.

ದರ್ಜಿ ಅಕ್ಕ ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು, ತುಟಿಯ ಮೇಲೆ ಎಂಥದೋ ನಗು ಹುಟ್ಟುತ್ತಿತ್ತು. ಅವಳು ಮೇಷ್ಟ್ರ ಕಡೆ ತಿರುಗಿ ಕೀಲಿ ಒತ್ತಿದಳು.

“ಇನ್ನೊಂದು ಸಲ ಕೇಳಿಸ್ತೀರಾ?” ಎಂದಿತು ಪೆಟ್ಟಿಗೆ.

ಮೇಷ್ಟ್ರು ಗುಂಡಿಗೆ ಕೈ ಚಾಚಿದರು. ಅವರು ಮುಟ್ಟುವ ಮೊದಲೇ ಅವಳ ದನಿ ಅವಳನ್ನು ಕೇಳಿತು:

“ಹೂಂ?”